ಓದುಗರ ಪ್ರಶ್ನೆ: ಒಂದೇ ದಿನದಲ್ಲಿ ಮೂರು ಗುಡ್ಡ ಹತ್ತಿ ಇಳಿಯಬಹುದೇ?

ಈ ಸಲ ಬಂದ ಪತ್ರಗಳಲ್ಲಿ ಅರ್ಧಕ್ಕರ್ಧ ಗುಡ್ಡದ ಬಗ್ಗೆಯೇ ಇವೆ. ನನಗೆ ನಿಜವಾಗಿ ಖುಷಿಯಾಯಿತು. ನಮ್ಮದು ಕಪ್ಪು ಮಣ್ಣಿನ ಸೀಮೆ, ತೊಗರಿ ಹೊಲ, ಕಣ್ಣು ಹಾಯಿಸಿದಷ್ಟೂ ಸಪಾಟು. ಇಂಥಲ್ಲಿ ಬೆಳೆದವರಿಗೆ ಗುಡ್ಡ ಅಂದರೆ ಒಂದು ಸೆಳೆತ ಇದ್ದೇ ಇರುತ್ತದೆ. ಹಾಗಾಗಿ ಈ ಸಂಚಿಕೆಯ ಪುಟ ಪೂರ್ತಿ ಅದಕ್ಕೇ. ಮೊದಲ ಪತ್ರಕ್ಕೆ ಜಾಸ್ತಿ ಜಾಗ ಕೊಟ್ಟಿದ್ದೇನೆ, ಯಾಕೆಂದರೆ ಉಳಿದವರ ಪ್ರಶ್ನೆಗಳಿಗೂ ಅದರಲ್ಲಿ ಅರ್ಧ ಉತ್ತರ ಸಿಗುತ್ತದೆ.

ಪ್ರಶ್ನೆ: ನಾನು ಕಲಬುರಗಿಯವನು, ನಿವೃತ್ತ ಹೈಸ್ಕೂಲ್ ಮಾಸ್ತರ, ವಯಸ್ಸು 61. ಮಗಳು ಇಂಗ್ಲೆಂಡಿನ ಲೀಡ್ಸ್‌ನಲ್ಲಿ ಕೆಲಸ ಮಾಡುತ್ತಾಳೆ. ಬರುವ ಜೂನ್‌ನಲ್ಲಿ ನಾವು ಗಂಡ-ಹೆಂಡತಿ ಅಲ್ಲಿಗೆ ಹೋಗುತ್ತಿದ್ದೇವೆ. ಯಾರ್ಕ್‌ಶೈರ್ ತ್ರೀ ಪೀಕ್ಸ್ ಅಂತ ಒಂದು ನಡಿಗೆ ಇದೆಯಂತೆ, ಒಂದೇ ದಿನದಲ್ಲಿ ಮೂರು ಗುಡ್ಡ. 'ಅಪ್ಪಾ, ಜೊತೆಗೆ ಹೋಗೋಣ' ಅನ್ನುತ್ತಾಳೆ. ದಿನಾ ಬೆಳಿಗ್ಗೆ ಶರಣಬಸವೇಶ್ವರ ಕೆರೆಯ ಹತ್ತಿರ ಒಂದು ತಾಸು ನಡೆಯುತ್ತೇನೆ. ಸಕ್ಕರೆ ಕಾಯಿಲೆ ಇಲ್ಲ, ಬಿ.ಪಿ.ಗೆ ಒಂದು ಮಾತ್ರೆ ಇದೆ. ಗುಡ್ಡಗಳ ಎತ್ತರ ನೋಡಿದರೆ ಎಂಟುನೂರು ಮೀಟರ್ ಸಹ ಇಲ್ಲ. ಆಗುತ್ತದೆಯೇ? ಮನೆಯಲ್ಲಿ ಬೇಡ ಅನ್ನುತ್ತಿದ್ದಾರೆ.

ಉತ್ತರ: ಸರ್, ಆಗುತ್ತದೆ. ಆದರೆ ಈಗಿನ ಒಂದು ತಾಸಿನ ನಡಿಗೆ ಸಾಲುವುದಿಲ್ಲ. ಎತ್ತರ ನೋಡಿ ಲೆಕ್ಕ ಹಾಕಿದರೂ ಮೋಸ ಹೋಗುತ್ತೀರಿ.

ಆ ಮೂರು ಗುಡ್ಡಗಳು ಪೆನ್-ಇ-ಗೆಂಟ್ 694 ಮೀಟರ್, ವರ್ನ್‌ಸೈಡ್ 736, ಇಂಗಲ್‌ಬರೊ 723. ನಮ್ಮ ಕಲಬುರಗಿ ಊರೇ ಸಮುದ್ರಮಟ್ಟದಿಂದ ಸುಮಾರು 450 ಮೀಟರ್ ಮೇಲಿದೆ, ಹಾಗೆ ನೋಡಿದರೆ ಇದೇನು ಮಹಾ ಅನಿಸುತ್ತದೆ. ಆದರೆ ಒಂದು ಗುಡ್ಡದ ತುದಿಯಿಂದ ಇನ್ನೊಂದರ ತುದಿಗೆ ಸೇತುವೆ ಇಲ್ಲವಲ್ಲ. ಹತ್ತಿದ್ದನ್ನೆಲ್ಲ ಇಳಿಯಬೇಕು, ಕಣಿವೆ ದಾಟಬೇಕು, ಮತ್ತೆ ಬುಡದಿಂದ ಹತ್ತಬೇಕು. ಒಟ್ಟು ದಾರಿ ಸುಮಾರು 24 ಮೈಲಿ, ಅಂದರೆ 38 ಕಿಲೋಮೀಟರ್‌ಗಿಂತ ಜಾಸ್ತಿ. ಹತ್ತುವ ಎತ್ತರವನ್ನೆಲ್ಲ ಕೂಡಿಸಿದರೆ 1,585 ಮೀಟರ್. ಆರು ಇಂಚಿನ ಮೆಟ್ಟಿಲು ಅಂತ ಹಿಡಿಯಿರಿ, ಹತ್ತು ಸಾವಿರ ಮೆಟ್ಟಿಲು ದಾಟುತ್ತದೆ. ಅಷ್ಟನ್ನೂ ಇಳಿಯಬೇಕು. ಇದನ್ನು 12 ತಾಸಿನೊಳಗೆ ಮುಗಿಸುವುದು ಅಲ್ಲಿನ ರೂಢಿ.

ನೀವು ಮಾಸ್ತರು ಅಂದದ್ದಕ್ಕೆ ಒಂದು ಸಂಗತಿ ನೆನಪಾಯಿತು. ಈ ಮೂರೂ ಗುಡ್ಡಗಳನ್ನು ಒಂದೇ ದಿನ ಮುಗಿಸಿದ ಮೊದಲ ದಾಖಲೆ 1887ರದು. ನಡೆದವರು ಅಲ್ಲಿನ ಗಿಗಲ್ಸ್‌ವಿಕ್ ಶಾಲೆಯ ಇಬ್ಬರು ಶಿಕ್ಷಕರು. ಹತ್ತು ತಾಸು ಹಿಡಿಯಿತಂತೆ. ಮನೆಯವರಿಗೆ ಇದನ್ನೂ ಹೇಳಿ.

ಈಗ ಸಮಯದ ಲೆಕ್ಕ. ಗುಡ್ಡ ನಡೆಯುವವರು ಇವತ್ತಿಗೂ ಬಳಸುವ ಒಂದು ಹಳೆಯ ಲೆಕ್ಕ ಇದೆ, 1892ರಲ್ಲಿ ಸ್ಕಾಟ್ಲೆಂಡಿನ ನೈಸ್ಮಿತ್ ಅನ್ನುವವರು ಹೇಳಿದ್ದು. ಮೂರು ಮೈಲಿಗೆ ಒಂದು ತಾಸು, ಅದರ ಮೇಲೆ ಪ್ರತಿ 2,000 ಅಡಿ ಏರಿಗೆ ಇನ್ನೊಂದು ತಾಸು. 24 ಮೈಲಿಗೆ ಎಂಟು ತಾಸಾಯಿತು. 1,585 ಮೀಟರ್ ಅಂದರೆ 5,200 ಅಡಿ, ಅದಕ್ಕೆ ಎರಡೂವರೆ ತಾಸಿನ ಮೇಲೆ. ಒಟ್ಟು ಹತ್ತೂವರೆ ತಾಸು ದಾಟಿತು. ಇದರಲ್ಲಿ ಊಟ ಇಲ್ಲ, ಕೂತು ಉಸಿರು ತೆಗೆದುಕೊಳ್ಳುವುದು ಇಲ್ಲ, ಫೋಟೊ ಇಲ್ಲ. 12 ತಾಸಿನಲ್ಲಿ ಉಳಿದದ್ದು ಒಂದೂವರೆ ತಾಸಿಗಿಂತ ಕಡಿಮೆ, ಅಷ್ಟೇ. ಆದ್ದರಿಂದ ನನ್ನ ಸಲಹೆ, 12 ತಾಸು ಅನ್ನುವುದನ್ನು ಮೊದಲೇ ತಲೆಯಿಂದ ತೆಗೆದುಹಾಕಿ. ಜೂನ್‌ನಲ್ಲಿ ಅಲ್ಲಿ ರಾತ್ರಿ ಒಂಬತ್ತೂವರೆ ತನಕ ಬೆಳಕಿರುತ್ತದೆ. ಬೆಳಿಗ್ಗೆ ಆರಕ್ಕೆ ಹೊರಟರೆ 14 ತಾಸು ತೆಗೆದುಕೊಂಡರೂ ಕತ್ತಲಾಗುವುದಿಲ್ಲ.

ತಯಾರಿ. ಸಪಾಟು ನೆಲದಲ್ಲಿ ಎಷ್ಟೇ ನಡೆದರೂ ಒಂದು ಕೆಲಸ ಆಗುವುದಿಲ್ಲ, ಅದು ಇಳಿಯುವುದು. ಹತ್ತುವಾಗ ಎದೆ ಬಡಿದುಕೊಳ್ಳುತ್ತದೆ, ನಿಂತರೆ ಸುಧಾರಿಸುತ್ತದೆ. ಇಳಿಯುವಾಗ ಹಾಗಲ್ಲ. ತೊಡೆಯ ಮುಂದಿನ ಸ್ನಾಯು ಹಿಗ್ಗುತ್ತಾ ಹಿಗ್ಗುತ್ತಾ ಮೈಭಾರ ತಡೆಯಬೇಕು, ಬ್ರೇಕ್ ಹಿಡಿದ ಹಾಗೆ. ರೂಢಿ ಇಲ್ಲದ ಸ್ನಾಯುವಿನಲ್ಲಿ ಅದರಿಂದ ಸಣ್ಣ ಸಣ್ಣ ಗಾಯಗಳಾಗುತ್ತವೆ. ಎರಡನೇ ದಿನ ಮೆಟ್ಟಿಲು ಇಳಿಯಲಾರದೆ ಗೋಡೆ ಹಿಡಿದುಕೊಳ್ಳುವುದು ಇದಕ್ಕೇ. ಒಳ್ಳೆಯ ಸುದ್ದಿ ಏನೆಂದರೆ, ಇದೇ ಸ್ನಾಯು ಒಂದೆರಡು ಸಲ ಈ ಪೆಟ್ಟು ತಿಂದರೆ ಬೇಗ ಕಲಿಯುತ್ತದೆ. ಮುಂದಿನ ಸಲ ಅಷ್ಟು ನೋಯುವುದಿಲ್ಲ. ಹಾಗಾಗಿ ಇಲ್ಲೇ ಇಳಿದು ಇಳಿದು ಕಲಿಯಬೇಕು, ಅಲ್ಲಿ ಹೋಗಿ ಅಲ್ಲ.

ಎಲ್ಲಿ ಅಂತ ಕೇಳುತ್ತೀರಿ. ಮೂರು ಮಹಡಿಯ ಯಾವ ಕಟ್ಟಡವಾದರೂ ಆಗುತ್ತದೆ. ನೆಲದಿಂದ ಮೂರನೇ ಮಹಡಿಗೆ ಹತ್ತಿರ ಹತ್ತಿರ ಒಂಬತ್ತು ಮೀಟರ್, ಹತ್ತು ಸಲ ಹತ್ತಿ ಇಳಿದರೆ 90 ಮೀಟರ್. ವಾರಕ್ಕೆ ಎರಡು ದಿನ ಇದು. ಐದು ಸಲದಿಂದ ಶುರು ಮಾಡಿ, ನಿಧಾನವಾಗಿ ಮೂವತ್ತಕ್ಕೆ ಹೋಗಿ. ಇಳಿಯುವಾಗ ದಬದಬ ಓಡಬೇಡಿ, ಮೊಣಕಾಲು ಸ್ವಲ್ಪ ಬಾಗಿಸಿ ಸದ್ದಿಲ್ಲದೆ ಹೆಜ್ಜೆ ಇಡಿ. ಹದಿನೈದು ದಿನಕ್ಕೊಮ್ಮೆ ರೈಲು ಹತ್ತಿ ಯಾದಗಿರಿಗೆ ಹೋಗಿ. ಊರ ನಡುವಿನ ಕೋಟೆ ಗುಡ್ಡ ಒಂದು ಸಲ ಹತ್ತಿ ವಾಪಸ್ ಬರುವುದಲ್ಲ, ಒಂದೇ ಬೆಳಿಗ್ಗೆ ಮೂರು ಸಲ ಹತ್ತಿ ಇಳಿಯಿರಿ. ಅದು ನಿಮ್ಮ ತ್ರೀ ಪೀಕ್ಸ್. ಮೂರನೇ ಸಲ ಬುಡದಲ್ಲಿ ನಿಂತು ಮೇಲೆ ನೋಡಿದಾಗ ಮನಸ್ಸಿಗೆ ಏನಾಗುತ್ತದೆ ಅನ್ನುವುದು ಅಲ್ಲಿ ಗೊತ್ತಾಗುತ್ತದೆ, ಮತ್ತು ಅದು ಗೊತ್ತಾಗಲೇಬೇಕು. ಭಾನುವಾರದ ಉದ್ದ ನಡಿಗೆಯನ್ನು 10 ಕಿಲೋಮೀಟರ್‌ನಿಂದ 25ರ ತನಕ ಏರಿಸಿ. ಏಪ್ರಿಲ್, ಮೇ ನಮ್ಮಲ್ಲಿ ಬೆಂಕಿ ಬಿಸಿಲು. ಬೆಳಿಗ್ಗೆ ಐದಕ್ಕೆ ಹೊರಟು ಎಂಟರೊಳಗೆ ಮನೆ ಸೇರುವಂತಿರಬೇಕು. ಉದ್ದ ನಡಿಗೆಗಳನ್ನೆಲ್ಲ ಮಾರ್ಚ್ ಒಳಗೇ ಮುಗಿಸಿಕೊಳ್ಳಿ, ಆಮೇಲೆ ಮೆಟ್ಟಿಲು ಸಾಕು.

ಶುರು ಮಾಡುವ ಮೊದಲು ಡಾಕ್ಟರ ಹತ್ತಿರ ಹೋಗಿ. ಇಂಥ ನಡಿಗೆ ಮಾಡಬೇಕೆಂದಿದ್ದೇನೆ ಅಂತ ಬಿಡಿಸಿ ಹೇಳಿ, ಹೃದಯದ ತಪಾಸಣೆ ಮಾಡಿಸಿ. ಬಿ.ಪಿ. ಮಾತ್ರೆಗಳಲ್ಲಿ ಕೆಲವು ಮೂತ್ರ ಜಾಸ್ತಿ ಮಾಡುತ್ತವೆ. ದಿನವಿಡೀ ಬೆವರುವವರಿಗೆ ಅದು ಮುಖ್ಯ ವಿಷಯ. ನಿಮ್ಮದು ಅಂಥದ್ದೇ ಅಂತ ಕೇಳಿಕೊಳ್ಳಿ, ಆದರೆ ನೀವಾಗಿಯೇ ಮಾತ್ರೆ ಬಿಡಬೇಡಿ.

ಇನ್ನು ಚಳಿ. ನಮ್ಮವರಿಗೆ ಬಿಸಿಲಿನ ಅಪಾಯ ಹುಟ್ಟಿನಿಂದ ಗೊತ್ತು, ಒದ್ದೆ ಚಳಿಯದ್ದು ಗೊತ್ತಿಲ್ಲ. 1,000 ಮೀಟರ್ ಮೇಲೆ ಹೋದರೆ ಸುಮಾರು ಆರೂವರೆ ಡಿಗ್ರಿ ತಣ್ಣಗಾಗುತ್ತದೆ, ಅದು ದೊಡ್ಡದಲ್ಲ. ಮಳೆಯಲ್ಲಿ ನೆಂದು ಗಾಳಿಗೆ ನಿಂತರೆ ಮೈಯ ಬಿಸಿ ಹೋಗುವುದಿದೆಯಲ್ಲ, ಅದು ದೊಡ್ಡದು. ಜೂನ್‌ನಲ್ಲೂ ಅಲ್ಲಿ ಅದು ಆಗಬಹುದು. ಹತ್ತಿ ಬನಿಯನ್, ಜೀನ್ಸ್ ಬೇಡವೇ ಬೇಡ, ನೀರು ಹೀರಿಕೊಂಡು ಒಣಗುವುದೇ ಇಲ್ಲ. ಬೇಗ ಒಣಗುವ ಸಿಂಥೆಟಿಕ್ ಅಂಗಿ, ಮೇಲೊಂದು ಉಣ್ಣೆ ಅಥವಾ ಫ್ಲೀಸ್, ಅದರ ಮೇಲೆ ನೀರು ಒಳಗೆ ಬಿಡದ ಜಾಕೆಟ್ ಮತ್ತು ಪ್ಯಾಂಟ್, ಟೋಪಿ, ಕೈಗವಸು. ಮಗಳಿಗೆ ಅಲ್ಲೇ ತೆಗೆದಿಡಲು ಹೇಳಿ. ಆ ಗುಡ್ಡಗಳಲ್ಲಿ ಸುಣ್ಣಕಲ್ಲಿನ ಹಾಸು ಜಾಸ್ತಿ. ನಮ್ಮ ಶಹಾಬಾದ್ ಫರಸಿಯೂ ಸುಣ್ಣಕಲ್ಲೇ ಅಲ್ವಾ, ಅಂಗಳದ ಫರಸಿ ಮೇಲೆ ನೀರು ಬಿದ್ದರೆ ಹೇಗೆ ಜಾರುತ್ತದೆ ಅಂತ ಎಲ್ಲರಿಗೂ ಗೊತ್ತು. ಹಾಗೇ ಅಂದುಕೊಂಡು ಹೆಜ್ಜೆ ಇಡಿ.

ಕೊನೆಯದಾಗಿ, ನಾನು ಎಲ್ಲಕ್ಕಿಂತ ಮುಖ್ಯ ಅಂದುಕೊಂಡಿರುವ ಮಾತು. ಸಾಮಾನ್ಯವಾಗಿ ಹಾರ್ಟನ್ ಅನ್ನುವ ಹಳ್ಳಿಯಿಂದ ಹೊರಟು ಮೊದಲು ಪೆನ್-ಇ-ಗೆಂಟ್, ಆಮೇಲೆ ವರ್ನ್‌ಸೈಡ್, ಕೊನೆಗೆ ಇಂಗಲ್‌ಬರೊ ಹತ್ತುತ್ತಾರೆ. ಮೊದಲನೆಯದರ ನಂತರ ರಿಬಲ್‌ಹೆಡ್ ಬರುತ್ತದೆ. 24 ಕಮಾನುಗಳ ದೊಡ್ಡ ರೈಲು ಸೇತುವೆ ಅಲ್ಲಿದೆ, 1870ರ ದಶಕದಲ್ಲಿ ಕಟ್ಟಿದ್ದು. ನಿಮಗೆ ಬೇಕಾಗುವುದು ಅದರ ಪಕ್ಕದ ರೈಲು ನಿಲ್ದಾಣ. ಹಾರ್ಟನ್ ಕೂಡ ಅದೇ ಮಾರ್ಗದಲ್ಲಿದೆ, ಲೀಡ್ಸ್‌ನಿಂದ ಬರುವ ರೈಲು ಎರಡೂ ಕಡೆ ನಿಲ್ಲುತ್ತದೆ. ಅಂದರೆ ಅಲ್ಲಿಗೇ ಸಾಕು ಅನಿಸಿದರೆ ರೈಲು ಹತ್ತಿ ಮನೆಗೆ ಹೋಗಬಹುದು. ಆ ದಿನದ ರೈಲು ವೇಳೆ ಬರೆದು ಜೇಬಿನಲ್ಲಿಟ್ಟುಕೊಳ್ಳಿ. ಎರಡನೇ ಗುಡ್ಡ ಇಳಿದು ಕಣಿವೆಗೆ ಬಂದಾಗ ಇಬ್ಬರೂ ಹತ್ತು ನಿಮಿಷ ಕೂತುಕೊಳ್ಳಿ. ಎದುರಿಗೆ ಇಂಗಲ್‌ಬರೊ ಇರುತ್ತದೆ, ಇನ್ನೂ 450 ಮೀಟರ್‌ಗಿಂತ ಜಾಸ್ತಿ ಏರು, ಕೊನೆಯಲ್ಲಿ ತುಂಬಾ ಕಡಿದು. ಅದರಾಚೆ ಊರಿಗೆ ಉದ್ದದ ಇಳಿಜಾರು. ಒಮ್ಮೆ ಅದನ್ನು ಹತ್ತಲು ಶುರು ಮಾಡಿದರೆ ಸುಲಭದ ದಾರಿ ಉಳಿಯುವುದಿಲ್ಲ. ಕಾಲು ನಡುಗುತ್ತಿದೆಯೇ, ಮಂಜು ಇಳಿದಿದೆಯೇ, ಗಂಟೆ ಎಷ್ಟು, ಮೂರನ್ನೂ ನೋಡಿ ಅಲ್ಲೇ ನಿರ್ಧಾರ ಮಾಡಿ. ಯಾವ ಗಂಟೆ ದಾಟಿದರೆ ಹತ್ತುವುದಿಲ್ಲ ಅಂತ ಹಿಂದಿನ ರಾತ್ರಿಯೇ ಮಗಳ ಜೊತೆ ಮಾತಾಡಿಕೊಂಡಿರಿ. ಅಪ್ಪನಿಗೆ ಬೇಜಾರಾಗುತ್ತದೆ ಅಂತ ಮಗಳು, ಮಗಳಿಗೆ ಬೇಜಾರಾಗುತ್ತದೆ ಅಂತ ಅಪ್ಪ, ಇಬ್ಬರೂ ಸುಮ್ನೆ ಹತ್ತುತ್ತಾ ಹೋಗುವುದು ಬೇಡ.

ಏನಾದರೂ ಆದರೆ ಅಲ್ಲಿ 999ಕ್ಕೆ ಫೋನ್ ಮಾಡಿ ಪೊಲೀಸ್ ಕೇಳಿ, ಆಮೇಲೆ ಮೌಂಟನ್ ರೆಸ್ಕ್ಯೂ ಬೇಕು ಅನ್ನಬೇಕು. ಸಿಗ್ನಲ್ ಸಿಗದಿದ್ದರೆ ಸೀಟಿ. ಒಂದು ನಿಮಿಷದಲ್ಲಿ ಆರು ಸಲ ಊದಿ, ಒಂದು ನಿಮಿಷ ಬಿಟ್ಟು ಮತ್ತೆ ಆರು ಸಲ.

ಪ್ರಶ್ನೆ: ಅಣ್ಣಾ, ನಾನು ಯಾದಗಿರಿಯಲ್ಲಿ ಡಿಗ್ರಿ ಓದುತ್ತಿದ್ದೇನೆ. ಜನವರಿಯಲ್ಲಿ ಐದು ಮಂದಿ ಗೆಳತಿಯರು ಕುಮಾರ ಪರ್ವತಕ್ಕೆ ಹೋಗುವವರಿದ್ದೇವೆ, ಕುಕ್ಕೆ ಸುಬ್ರಹ್ಮಣ್ಯದ ಕಡೆಯಿಂದ. ಬೆಳಿಗ್ಗೆ ಹೋಗಿ ಸಂಜೆ ಬರಬಹುದು, ಸುಲಭ ಅಂತ ಕರೆದುಕೊಂಡು ಹೋಗುವವರು ಹೇಳಿದ್ದಾರೆ. ಮನೆಯಲ್ಲಿ ಹೆದರುತ್ತಿದ್ದಾರೆ. ನಿಜವಾಗಿ ಸುಲಭವೇ?

ಉತ್ತರ: ತಂಗಿ, ಅದು ಸುಲಭ ಅಲ್ಲ. ಹಾಗೆ ಹೇಳಿದವರ ಮೇಲೆ ನನಗೆ ಸಿಟ್ಟೇ ಬಂತು. ಕುಮಾರ ಪರ್ವತ 1,712 ಮೀಟರ್. ಕುಕ್ಕೆ ಘಟ್ಟದ ಬುಡದಲ್ಲಿದೆ, ಆದ್ದರಿಂದ ಒಂದೂವರೆ ಸಾವಿರ ಮೀಟರ್‌ಗಿಂತ ಜಾಸ್ತಿ ಹತ್ತಬೇಕು. ಹೋಗಿ ಬರಲು ಸುಮಾರು 25 ಕಿಲೋಮೀಟರ್. ಯಾರ್ಕ್‌ಶೈರಿನ ಮೂರು ಗುಡ್ಡ ಕೂಡಿ ಹತ್ತುವಷ್ಟನ್ನು ನೀವು ಹತ್ತಿರ ಹತ್ತಿರ ಒಂದೇ ಏರಿನಲ್ಲಿ ಹತ್ತುತ್ತೀರಿ. ಮೊದಲು ಕಾಡು, ಭಟ್ಟರ ಮನೆ ದಾಟಿದ ಮೇಲೆ ನೆರಳೇ ಇಲ್ಲದ ಹುಲ್ಲುಗಾವಲು, ಕಲ್ಲು ಮಂಟಪ, ಆಮೇಲೆ ಶೇಷ ಪರ್ವತ.

ಶೇಷ ಪರ್ವತದ ಬಗ್ಗೆ ಗಮನವಿಟ್ಟು ಓದು. ದೂರದಿಂದ ಅದೇ ತುದಿ ಅನಿಸುತ್ತದೆ. ಮೇಲೆ ಹೋದ ಮೇಲೆ ಕುಮಾರ ಪರ್ವತ ಆಚೆ ಕಾಣುತ್ತದೆ. ಮತ್ತೆ ಇಳಿದು, ಕಾಡು ದಾಟಿ, ಕಡಿದಾದ ಬಂಡೆ ಹತ್ತಬೇಕು. ವಾಪಸ್ ಬರುವಾಗ ಶೇಷ ಪರ್ವತವನ್ನು ಮತ್ತೆ ಏರಬೇಕು, ಸೋತ ಕಾಲಿನಲ್ಲಿ. ನಾನು ಮೊದಲ ಸಲ ಹೋದಾಗ ಶೇಷ ಪರ್ವತ ಮುಟ್ಟಿದಾಗ ಹನ್ನೆರಡು ನಲವತ್ತು. ಹನ್ನೆರಡಕ್ಕೆ ಎಲ್ಲಿದ್ದರೂ ತಿರುಗುವುದು ಅಂತ ಮಾತಾಗಿತ್ತು, ಆಗಲೇ ಮೀರಿತ್ತು. ಜೊತೆಗಿದ್ದ ಗೆಳೆಯನ ನೀರು ಖಾಲಿ, ಕಾಲಿಗೆ ಸೆಳೆತ. ಕುಮಾರ ಪರ್ವತ ಕಣ್ಣೆದುರಿಗೇ ಇತ್ತು. ಐದು ನಿಮಿಷ ಇಬ್ಬರೂ ಮಾತಾಡಲಿಲ್ಲ, ಆಮೇಲೆ ಇಳಿದೆವು. ಕೊನೆಯ ಕಾಡಿನಲ್ಲಿ ಬೇರುಗಳ ಮೇಲೆ ಟಾರ್ಚ್ ಹಿಡಿದು ನಡೆಯಬೇಕಾಯಿತು. ತುದಿಗೆ ಹೋಗಿದ್ದರೆ ಆ ರಾತ್ರಿ ಏನಾಗುತ್ತಿತ್ತು ಅಂತ ಈಗಲೂ ಯೋಚಿಸುತ್ತೇನೆ. ಮರು ವರ್ಷ ಬೆಳಿಗ್ಗೆ ಬೇಗ ಹೊರಟು ತುದಿ ಮುಟ್ಟಿ ಬಂದೆವು.

ನಿಮಗೂ ಅದೇ ಲೆಕ್ಕ. ಜನವರಿಯಲ್ಲಿ ಬೆಳಕು ಹನ್ನೊಂದೂವರೆ ತಾಸಿನ ಹತ್ತಿರ. ಇಳಿಯಲು ಅರ್ಧ ಹೊತ್ತು ಸಾಕು ಅಂತ ಯಾರಾದರೂ ಹೇಳಿದರೆ ನಂಬಬೇಡ. ಅಲ್ಲಿನ ಕಲ್ಲಿನ ದಾರಿಯಲ್ಲಿ ಹತ್ತಿದಷ್ಟೇ ಹೊತ್ತು ಹಿಡಿಯಬಹುದು. ತಲಾ ಮೂರು ಲೀಟರ್ ನೀರು, ತಲೆಗೆ ಕಟ್ಟುವ ಟಾರ್ಚ್, ಓ.ಆರ್.ಎಸ್. ಪುಡಿ. ಪುಡಿ ಇಲ್ಲದಿದ್ದರೆ ಒಂದು ಲೀಟರ್ ಕುಡಿಯುವ ನೀರಿಗೆ ಆರು ಸಮ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು, ಅಳತೆ ತಪ್ಪದ ಹಾಗೆ. ಪರವಾನಗಿಯನ್ನು ಅರಣ್ಯ ಇಲಾಖೆಯ ಅರಣ್ಯ ವಿಹಾರ ಜಾಲತಾಣದಲ್ಲಿ ಮೊದಲೇ ತೆಗೆದುಕೊಳ್ಳಬೇಕು. ಇದು ಪುಷ್ಪಗಿರಿ ವನ್ಯಜೀವಿ ಧಾಮದ ಜಾಗ, ಟಿಕೆಟ್ ನಿಮ್ಮ ಹೆಸರಿನಲ್ಲೇ ಇದೆ ಅಂತ ಕಣ್ಣಾರೆ ನೋಡಿ. ಕರೆದುಕೊಂಡು ಹೋಗುವವರಿಗೆ ಎರಡು ಪ್ರಶ್ನೆ ಕೇಳು. ಎಷ್ಟು ಗಂಟೆಗೆ ವಾಪಸ್ ತಿರುಗಿಸುತ್ತೀರಿ? ಒಬ್ಬಳಿಗೆ ಆಗದಿದ್ದರೆ ಅವಳ ಜೊತೆ ಯಾರು ಇಳಿಯುತ್ತಾರೆ? ನೇರ ಉತ್ತರ ಬರದಿದ್ದರೆ ಬೇರೆಯವರನ್ನು ನೋಡಿ. ಇದೇ ಉತ್ತರಗಳನ್ನು ಅಪ್ಪ-ಅವ್ವನಿಗೂ ಹೇಳು, ಅವರ ಹೆದರಿಕೆ ಅರ್ಧ ಕಡಿಮೆ ಆಗುತ್ತದೆ.

ಪ್ರಶ್ನೆ: ಇಂಥ ನಡಿಗೆಗೆ ಎನರ್ಜಿ ಬಾರ್ ಬೇಕೇ ಬೇಕೇ? ಬೀದರ್‌ನಲ್ಲಿ ಕೇಳಿದೆ, ಒಂದೊಂದಕ್ಕೆ ಹೇಳುವ ರೇಟು ನೋಡಿ ಗಾಬರಿಯಾಯಿತು.

ಉತ್ತರ: ಬೇಡ. ಶೇಂಗಾ ಉಂಡಿ, ಅಂಟಿನ ಉಂಡಿ, ಖರ್ಜೂರ, ಬಾಳೆಹಣ್ಣು. ಕಡಕ್ ರೊಟ್ಟಿ ಮುರಿದು ಶೇಂಗಾ ಚಟ್ನಿಪುಡಿ ಜೊತೆ ಡಬ್ಬಿಗೆ ಹಾಕಿಕೊಳ್ಳಿ. ಹಗುರ, ಕೆಡುವುದಿಲ್ಲ, ಚಟ್ನಿಯಲ್ಲಿ ಉಪ್ಪೂ ಇದೆ, ಬೆವರಿದವರಿಗೆ ಅದು ಬೇಕು. ಆದರೆ ರೊಟ್ಟಿ ಒಣಗಿದ್ದು, ನೀರು ಜೊತೆಗೇ ಹೋಗಬೇಕು. ಮುಖ್ಯ ಅಂದರೆ ಹೊಟ್ಟೆ ತುಂಬ ಒಂದೇ ಸಲ ಉಣ್ಣುವುದಲ್ಲ, ಮುಕ್ಕಾಲು ತಾಸಿಗೊಮ್ಮೆ ಒಂದೆರಡು ತುತ್ತು. ಹಸಿವಾಗುವ ತನಕ ಕಾಯಬೇಡಿ. ಖಾಲಿ ಕವರ್ ಒಂದನ್ನೂ ಗುಡ್ಡದಲ್ಲಿ ಬಿಟ್ಟು ಬರಬೇಡಿ, ದಯವಿಟ್ಟು.

ಪ್ರಶ್ನೆ: ಸೇಡಂನಿಂದ ಬರೆಯುತ್ತಿದ್ದೇನೆ, ಗೃಹಿಣಿ, 47 ವರ್ಷ. ಹತ್ತುವಾಗ ಏನೂ ಆಗುವುದಿಲ್ಲ, ಇಳಿಯುವಾಗ ಮೊಣಕಾಲು ನೋಯುತ್ತದೆ, ಕಾಲ್ಬೆರಳ ಉಗುರು ಕಪ್ಪಾಗುತ್ತದೆ. ಬೂಟು ಬದಲಿಸಬೇಕೇ?

ಉತ್ತರ: ಅಕ್ಕಾ, ಉಗುರಿನದು ಬೂಟಿನ ಸಮಸ್ಯೆಯೇ. ಇಳಿಯುವಾಗ ಪಾದ ಮುಂದಕ್ಕೆ ಜಾರಿ ಬೆರಳು ತುದಿಗೆ ಬಡಿಯುತ್ತದೆ. ಬೂಟು ಕೊಳ್ಳುವುದಾದರೆ ಸಂಜೆ ಹೋಗಿ, ಆಗ ಪಾದ ಸ್ವಲ್ಪ ಊದಿರುತ್ತದೆ. ದಪ್ಪ ಸಾಕ್ಸ್ ಹಾಕಿಕೊಂಡೇ ನೋಡಿ, ಮುಂದೆ ಒಂದು ಬೆರಳಿನಷ್ಟು ಜಾಗ ಇರಲಿ. ಇಳಿಜಾರು ಶುರುವಾಗುವ ಮೊದಲು ನಿಂತು ಲೇಸ್ ಬಿಗಿ ಮಾಡಿ, ಉಗುರು ಮೊದಲೇ ಕತ್ತರಿಸಿಕೊಳ್ಳಿ. ಮೊಣಕಾಲಿಗೆ ಮೇಲೆ ಮಾಸ್ತರಿಗೆ ಹೇಳಿದ ಮೆಟ್ಟಿಲಿನ ಅಭ್ಯಾಸ. ಜೊತೆಗೆ ಎರಡು ಕೋಲು ಹಿಡಿಯಿರಿ, ಮೈಭಾರದಲ್ಲಿ ಒಂದು ಪಾಲು ಕೈಗೆ ಹೋಗುತ್ತದೆ. ಸಣ್ಣ ಸಣ್ಣ ಹೆಜ್ಜೆ ಇಡಿ. ಸಪಾಟು ನೆಲದಲ್ಲೂ ನೋವಿದ್ದರೆ, ಊತ ಇದ್ದರೆ, ಮೊದಲು ಡಾಕ್ಟರಿಗೆ ತೋರಿಸಿ.

ಪ್ರಶ್ನೆ: ಇಂಗ್ಲೆಂಡು, ಘಟ್ಟ ಎಲ್ಲ ನಮ್ಮ ಕೈಗೆ ಎಟುಕುವುದಿಲ್ಲ. ಶಹಾಪುರದವರು ನಾವು. ಮಲಗಿದ ಬುದ್ಧನ ಬೆಟ್ಟಸಾಲಿನಲ್ಲೇ ಇಡೀ ದಿನದ ನಡಿಗೆ ಮಾಡಬಹುದೇ?

ಉತ್ತರ: ಈ ಪತ್ರ ನನಗೆ ತುಂಬಾ ಇಷ್ಟವಾಯಿತು. ದೂರದಿಂದ ನೋಡಿದರೆ ಒಂದರ ಪಕ್ಕ ಒಂದು ಗುಡ್ಡ ಸೇರಿ ಬುದ್ಧ ಮಲಗಿದ ಹಾಗೆ ಕಾಣುತ್ತದೆ ಅಲ್ವಾ, ಅಂದರೆ ಹಲವು ತುದಿಗಳ ನಡಿಗೆ ನಿಮ್ಮ ಊರ ಬಾಗಿಲಲ್ಲೇ ಇದೆ. ಎತ್ತರ ಕಡಿಮೆ, ಆದರೆ ಹತ್ತು-ಇಳಿ ಅನ್ನುವುದು ಅದೇ. ಇಲ್ಲಿನ ಕಷ್ಟ ಬೇರೆ. ಹಾಕಿದ ದಾರಿ ಇರುವುದಿಲ್ಲ, ದೊಡ್ಡ ದೊಡ್ಡ ಗುಂಡುಕಲ್ಲುಗಳ ನಡುವೆ ಹೆಜ್ಜೆ ಹುಡುಕಬೇಕು. ಗಂಟೆಗೆ ಎರಡು ಕಿಲೋಮೀಟರ್ ಹೋದರೂ ಹೆಚ್ಚೇ, ನೈಸ್ಮಿತ್ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಹತ್ತಲು ಸುಲಭವಾದ ಬಂಡೆಯಿಂದ ಇಳಿಯಲು ಆಗದೇ ಇರಬಹುದು, ಹತ್ತುವ ಮೊದಲೇ ಅದನ್ನು ಯೋಚಿಸಿ. ಬಂಡೆ ಕೆಳಗೆ ಹೆಜ್ಜೇನು ಕಂಡರೆ ಸದ್ದು ಮಾಡದೆ ದೂರದಿಂದ ಸುತ್ತಿ ಹೋಗಿ. ಕಲ್ಲು ಸಂದಿಗೆ ನೋಡದೆ ಕೈ ಹಾಕಬೇಡಿ, ಹಾವಿರುತ್ತವೆ. ಕುರಿ ಕಾಯುವವರಿಗೆ ಗೊತ್ತಿರುವಷ್ಟು ದಾರಿ ಯಾವ ನಕ್ಷೆಯಲ್ಲೂ ಇಲ್ಲ. ಅವರೊಬ್ಬರನ್ನು ಕೇಳಿಕೊಂಡು, ದಿನದ ಕೂಲಿ ಕೊಟ್ಟು ಜೊತೆಗೆ ಕರೆದುಕೊಳ್ಳಿ.

ಮೊದಲ ಸಲ ಎರಡೇ ಗುಡ್ಡ ಸಾಕು. ಎಲ್ಲೆಲ್ಲಿ ಊರ ಕಡೆ ಇಳಿಯಬಹುದು ಅಂತ ನೋಡಿಕೊಂಡು ಬನ್ನಿ, ಎರಡನೇ ಸಲ ಸಾಲು ಪೂರ್ತಿ ಮಾಡಿ. ನವೆಂಬರ್ ಕೊನೆಯಿಂದ ಜನವರಿ ತನಕ ಒಳ್ಳೆಯ ಕಾಲ, ಫೆಬ್ರವರಿ ಮುಗಿಯುವ ಹೊತ್ತಿಗೆ ಬಂಡೆ ಕಾಯಲು ಶುರುವಾಗುತ್ತದೆ. ಮೇಲೆ ಕುಡಿಯುವ ನೀರು ಸಿಗುತ್ತದೆ ಅಂತ ಅಂದುಕೊಳ್ಳಬೇಡಿ, ತಲಾ ನಾಲ್ಕು ಲೀಟರ್ ಹೊತ್ತುಕೊಂಡೇ ಹೋಗಿ. ಮನೆಯಲ್ಲಿ ಒಬ್ಬರಿಗೆ ಯಾವ ಕಡೆಯಿಂದ ಹತ್ತಿ ಯಾವ ಕಡೆ ಇಳಿಯುತ್ತೀರಿ, ಎಷ್ಟು ಗಂಟೆಗೆ ಫೋನ್ ಮಾಡುತ್ತೀರಿ ಅಂತ ಚೀಟಿ ಬರೆದುಕೊಡಿ. ಅಷ್ಟರೊಳಗೆ ಫೋನ್ ಬರದಿದ್ದರೆ ಅವರು 112ಕ್ಕೆ ಕರೆ ಮಾಡಬೇಕು. ಹೋಗಿ ಬಂದ ಮೇಲೆ ಎಷ್ಟು ತಾಸು ಹಿಡಿಯಿತು, ಎಲ್ಲಿ ದಾರಿ ತಪ್ಪಿತು, ಎಲ್ಲಿ ಇಳಿಯಲು ಸುಲಭವಾಯಿತು, ಎಲ್ಲ ಬರೆದು ಕಳಿಸಿ. ಇದೇ ಪುಟದಲ್ಲಿ ಹಾಕುತ್ತೇನೆ.